ನಿಮ್ಮ ನೇಟಿವ್ ಯಾವುದು?

ಬಸ್ಸಿನಲ್ಲಾಗಲಿ, ಮದುವೆ ಮನೆಯ ಪಂಕ್ತಿಯಲ್ಲಾಗಲಿ, ಹೊಸಬರು ಸಿಕ್ಕರೆ ಹೆಸರು ಕೇಳಿದ ಮೇಲೆ ನಮ್ಮವರ ಎರಡನೆಯ ಪ್ರಶ್ನೆ ಇದೇ: "ನಿಮ್ಮ ನೇಟಿವ್ ಯಾವುದು?" ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದು, ಸೈಟು ಮಾಡಿ, ಮನೆ ಕಟ್ಟಿ, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟವರೂ ಈ ಪ್ರಶ್ನೆಗೆ ಬೆಂಗಳೂರು ಅನ್ನುವುದಿಲ್ಲ. "ನೇಟಿವ್ ಅರಸೀಕೆರೆ ಹತ್ರ" ಅನ್ನುತ್ತಾರೆ. ಹೀಗಿರುವಾಗ ಥೈಲ್ಯಾಂಡಿನ ಶಾಲೆಯೊಂದರ ಜಾಹೀರಾತನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಇಂಗ್ಲಿಷ್ ಶಿಕ್ಷಕರು ಬೇಕಾಗಿದ್ದಾರೆ, ನೇಟಿವ್ ಸ್ಪೀಕರ್‌ಗಳು ಮಾತ್ರ ಅರ್ಜಿ ಹಾಕಿ ಅಂತ ಇತ್ತು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ತಲೆಯೆತ್ತದೆ ಹೇಳಿದರು:

"ಬರಿ ಮತ್ತೆ, ನೇಟಿವ್ ತೀರ್ಥಹಳ್ಳಿ ಅಂತ. ಜಿಲ್ಲೆನೂ ಬರಿ. ಇಲ್ದಿದ್ರೆ ಅವ್ರಿಗೆ ಗೊತ್ತಾಗಲ್ಲ."

ಇದು 2018ರ ಮಾತು. ಇಂಗ್ಲಿಷ್ ಎಂ.ಎ. ಮುಗಿದು ಪಿಎಚ್.ಡಿ.ಗೆ ಸೀಟು ಸಿಕ್ಕಿತ್ತು. ಆದರೆ ನನ್ನ ಗೈಡು ರಜೆಯ ಮೇಲಿದ್ದರು, "ನವೆಂಬರಿಗೆ ಬಾರಯ್ಯ, ನೋಡೋಣ" ಅಂದುಬಿಟ್ಟರು. ಅಲ್ಲಿಯವರೆಗೆ ಏನು ಮಾಡುವುದು? ಓದಿದ ಹುಡುಗ ಎಂಟು ತಿಂಗಳು ಮನೆಯಲ್ಲಿ ಕೂತರೆ ಮಲೆನಾಡಿನಲ್ಲಿ ಅದು ಊರಿನ ಸಮಸ್ಯೆಯಾಗುತ್ತದೆ. ಹಾಲು ಕೊಡಲು ಬಂದವರು, ಅಡಕೆ ಕೊಯ್ಯಲು ಬಂದವರು, ಲೈನು ಸರಿಮಾಡಲು ಕಂಬ ಹತ್ತಿದವರು, ಎಲ್ಲರೂ "ಈಗೇನು ಮಾಡ್ಕೊಂಡಿದ್ದೀರಿ?" ಅನ್ನುತ್ತಾರೆ. ಕಂಬದ ಮೇಲಿಂದ ಕೇಳುವ ಪ್ರಶ್ನೆಗೆ ಕೂಗಿಯೇ ಉತ್ತರ ಕೊಡಬೇಕಾದ್ದರಿಂದ ಅದು ಇನ್ನೂ ನಾಲ್ಕು ಮನೆಗೆ ಕೇಳಿಸುತ್ತದೆ. ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಬಹುದಿತ್ತು. ಅತಿಥಿಗೆ ಕೊಡುವ ಗೌರವಧನವೂ ಅತಿಥಿಯ ಹಾಗೇ, ಯಾವ ತಿಥಿಗೆ ಬರುತ್ತದೆ ಅಂತ ಹೇಳಲಾಗದು. ಅದಕ್ಕೇ ವಿದೇಶದಲ್ಲಿ ಒಂದು ಟರ್ಮಿನ ಮಟ್ಟಿಗೆ ಇಂಗ್ಲಿಷ್ ಪಾಠ ಹೇಳಿ, ಒಂದಿಷ್ಟು ದುಡ್ಡು ಕೂಡಿಸಿಕೊಂಡು ಬಂದು ಓದಿಗೆ ಕೂರೋಣ ಅಂತ ಲೆಕ್ಕ ಹಾಕಿದೆ.

ಲೆಕ್ಕ ಮೊದಲು ತಪ್ಪಿದ್ದು ಕೊರಿಯಾದಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವ ವೀಸಾ ಏಳು ದೇಶದವರಿಗೆ ಮೀಸಲು. ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಈ ಕೊನೆಯ ಹೆಸರು ಓದಿ ನನಗೆ ಸ್ವಲ್ಪ ಉರಿಯಿತು. 2011ರ ಅಲ್ಲಿನ ಜನಗಣತಿಯ ಪ್ರಕಾರ ಮನೆಯಲ್ಲಿ ಇಂಗ್ಲಿಷ್ ಆಡುವವರು ನೂರಕ್ಕೆ ಹತ್ತು ಜನವೂ ಇಲ್ಲ. ಜುಲು ಮನೆಮಾತಿನ ಹುಡುಗ ನೇಟಿವ್ ಆಗುವುದಾದರೆ, ಐದನೇ ಕ್ಲಾಸಿನಿಂದ ಇಂಗ್ಲಿಷಿಗಾಗಿ ಏಟು ತಿಂದ ನಾನು ಯಾಕಾಗಬಾರದು? ಇನ್ನೂ ಹುಡುಕಿದಾಗ ಒಂದು ಸಂದು ಕಂಡಿತು. ಭಾರತ ಮತ್ತು ಕೊರಿಯಾ ಮಾಡಿಕೊಂಡ, 2010ರ ಜನವರಿಯಿಂದ ಜಾರಿಯಲ್ಲಿರುವ ವ್ಯಾಪಾರ ಒಪ್ಪಂದದಲ್ಲಿ, ನಮ್ಮವರು ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಹೋಗಬಹುದು ಅಂತ ಬರೆದಿದೆ. ಕಾರು, ಕಬ್ಬಿಣದ ಜೊತೆ ನಮ್ಮನ್ನೂ ಪಟ್ಟಿಯಲ್ಲಿ ಸೇರಿಸಿದ್ದಾರಲ್ಲ ಅಂತ ಹಿಗ್ಗಿದೆ. ಆದರೆ ಅದಕ್ಕೆ ಶಿಕ್ಷಕ ತರಬೇತಿಯ ಅರ್ಹತೆ ಬೇಕಿತ್ತು, ನಾನು ಬಿ.ಎಡ್. ಮಾಡಿರಲಿಲ್ಲ. "ಆವತ್ತೇ ಬಡ್ಕೊಂಡೆ, ಬಿ.ಎಡ್. ಮಾಡು ಅಂತ" ಅಂತ ಅಮ್ಮ ಅಂದದ್ದು ಕೊರಿಯಾವನ್ನು ಮನಸ್ಸಿನಲ್ಲಿಟ್ಟುಕೊಂಡಂತೂ ಅಲ್ಲ.

ಥೈಲ್ಯಾಂಡ್ ಅಷ್ಟು ಕಟ್ಟುನಿಟ್ಟಲ್ಲ. ನೇಟಿವ್ ಅಲ್ಲದವರನ್ನೂ ತೆಗೆದುಕೊಳ್ಳುತ್ತಾರೆ, ಫಿಲಿಪ್ಪೀನ್ಸಿನವರಂತೂ ಬಹಳ ಇದ್ದಾರೆ. ಅಲ್ಲಿನ ಮೊದಲ ಟರ್ಮು ಮೇ ನಡುವಿನಲ್ಲಿ ಶುರುವಾಗಿ ಅಕ್ಟೋಬರಿನ ಹೊತ್ತಿಗೆ ಮುಗಿಯುವುದರಿಂದ ನನ್ನ ಗೈಡಿನ ಪಂಚಾಂಗಕ್ಕೂ ಸರಿಹೊಂದುತ್ತಿತ್ತು. ಆದರೆ ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ತೋರಿಸಬೇಕು. ಟೋಯಿಕ್ ಅನ್ನುವ ಪರೀಕ್ಷೆಯಲ್ಲಿ 990ಕ್ಕೆ 600 ಬಂದಿರಬೇಕು ಅಂದರು. ಜೊತೆಗೆ 120 ಗಂಟೆಯ ಟೆಫಲ್ ಕೋರ್ಸಿನ ಸರ್ಟಿಫಿಕೇಟು. ಷೇಕ್ಸ್‌ಪಿಯರನ ದುರಂತ ನಾಯಕರ ಮೇಲೆ ನಲವತ್ತು ಪುಟ ಬರೆದು ಬಂದ ನಾನು, ಚಿತ್ರದಲ್ಲಿರುವ ಮನುಷ್ಯ ಏಣಿ ಹತ್ತುತ್ತಿದ್ದಾನೋ ಇಳಿಯುತ್ತಿದ್ದಾನೋ ಅನ್ನುವುದನ್ನು ಕೇಳಿಸಿಕೊಂಡು ಗುರುತು ಹಾಕಿದೆ. ಪಾಸಾದೆ. ಎಷ್ಟು ಬಂತು ಅಂತ ಹೇಳುವುದಿಲ್ಲ, ಏಣಿಯ ಪ್ರಶ್ನೆ ತಪ್ಪಾಗಿರಬೇಕು ಅಂತ ಈಗಲೂ ಗುಮಾನಿಯಿದೆ.

ಇನ್ನು ಸಂದರ್ಶನ. ಸ್ಕೈಪಿನಲ್ಲಿ ಏಜೆನ್ಸಿಯ ಒಬ್ಬ ಹೆಂಗಸು ಬಂದರು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಅಂಗಿ, ಟೈ ಮೇಲೆ, ಪಂಚೆ ಕೆಳಗೆ, ಹಿಂದೆ ಗೋಡೆಯ ಬದಲು ಹುಲ್ಲಿನ ಗೊಣಬೆ. ಮಾತೃಭಾಷೆ ಯಾವುದು ಅಂತ ಕೇಳಿದರು. ಹೇಳಿದೆ. ಅವರ ಮುಖ ಅರಳಿತು, "ಗುಡ್, ಗುಡ್" ಅಂದರು. ಕನ್ನಡದ ಮೇಲೆ ಇಷ್ಟು ಪ್ರೀತಿ ಇರುವವರು ಬ್ಯಾಂಕಾಕಿನಲ್ಲೂ ಇದ್ದಾರಲ್ಲ ಅಂತ ನಾನು ಕರಗಿಹೋದೆ. ಎರಡು ದಿನಕ್ಕೆ ತಿಂಗಳಿಗೆ 35,000 ಬಾತ್ ಸಂಬಳದ ಕಾಗದ ಬಂತು, ಅದರಲ್ಲಿ ದೇಶ ಅಂತ ಇದ್ದ ಕಡೆ ಕೆನಡಾ ಅಂತ ಇತ್ತು. ಈ ಜೋಕನ್ನು ಕಾಲೇಜು ದಿನಗಳಿಂದ ಕೇಳಿ ಕೇಳಿ ಬೇಸತ್ತಿದ್ದೆ, ಅದು ನನಗೇ ಬಂದು ತಗಲುತ್ತದೆ ಅಂತ ಗೊತ್ತಿರಲಿಲ್ಲ. ಪಾಸ್‌ಪೋರ್ಟಿನ ಪ್ರತಿ ಕಳಿಸಿದ ಮೇಲೆ ಹೊಸ ಕಾಗದ ಬಂತು: 18,000. ಒಂದು ಒತ್ತಕ್ಷರಕ್ಕೆ 17,000 ಬಾತ್ ಬೆಲೆಯಿದೆ ಅಂತ ನನಗೆ ಯಾವ ವ್ಯಾಕರಣದ ಮೇಷ್ಟರೂ ಹೇಳಿರಲಿಲ್ಲ.

ಆದರೂ ಒಪ್ಪಿಕೊಂಡೆ. ಆಗ ಒಂದು ಬಾತಿಗೆ ಎರಡು ರೂಪಾಯಿಯ ಮೇಲಿತ್ತು. ಸಂಬಳವನ್ನು ಬಾತ್‌ನಲ್ಲಿ ಕೊಡುತ್ತಾರೆ ಅಂದಾಗ ಅಜ್ಜಿ, "ಹಂಗಾರೆ ಊಟದ ಯೋಚನೆ ಇಲ್ಲ" ಅಂದಳು.

ಪೊಲೀಸ್ ಸರ್ಟಿಫಿಕೇಟಿಗೆ ಠಾಣೆಗೆ ಹೋದಾಗ ಹೆಡ್ ಕಾನ್‌ಸ್ಟೆಬಲ್ ಕೇಳಿದರು: "ಅಲ್ಲಿ ಏನು ಕೆಲಸ?"

"ಇಂಗ್ಲಿಷ್ ಹೇಳಿಕೊಡೋದು ಸರ್."

"ಯಾಕೆ, ಅವ್ರಿಗೆ ಬರಲ್ವಾ?"

"ಅವರ ದೇಶಾನ ಬ್ರಿಟಿಷರು ಆಳಲಿಲ್ಲ ಸರ್."

ಅವರು ಪೆನ್ನು ಕೆಳಗಿಟ್ಟರು. "ಆಳಿಸ್ಕೊಳ್ದೇ ಇದ್ದೋರು ಈಗ ದುಡ್ಡು ಕೊಟ್ಟು ಕಲೀತಾರೆ. ನಾವು ಆಳಿಸ್ಕೊಂಡು ಪುಕ್ಸಟ್ಟೆ ಕಲಿತ್ವಿ. ಏನು ಹೇಳಾಣ." ಆಮೇಲೆ ತಮ್ಮ ಮಗ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದದ್ದನ್ನು ಹೇಳಿ, ಹೋಗುವ ಮುಂಚೆ ಹತ್ತು ದಿನ ಪಾಠ ಹೇಳಿಸಿಕೊಂಡರು. ವಿದೇಶಿ ವೃತ್ತಿಜೀವನಕ್ಕೆ ಮೊದಲು ನಾನು ಪಡೆದ ಬೋಧನಾನುಭವ ಅದೊಂದೇ.

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ, ಅವರ ಬಾಯಲ್ಲಿ ಸುವನ್ನಫೂಮ್. ಒಳಗೆ ದೇವಾಸುರರು ವಾಸುಕಿಯನ್ನು ಹಿಡಿದು ಸಮುದ್ರ ಕಡೆಯುತ್ತಿರುವ ದೊಡ್ಡ ಶಿಲ್ಪ. ನಾನು ಹೋಗಬೇಕಾದ ಊರು ಅಲ್ಲಿಂದ ಸುಮಾರು ಇನ್ನೂರೈವತ್ತು ಕಿಲೋಮೀಟರು, ನಖೋನ್ ರಾಚಸಿಮಾ. ಬಸ್ಸಿನಲ್ಲಿ ಈ ಹೆಸರನ್ನು ಬಾಯಲ್ಲಿ ಹೊರಳಿಸುತ್ತ ಕೂತಿದ್ದಾಗ ಅರ್ಧ ದಾರಿಯಲ್ಲಿ ಬಿಡಿಸಿಕೊಂಡಿತು: ನಗರ, ರಾಜ, ಸೀಮಾ. ಸಸ್ಯಾಹಾರಿಗೆ ಅಲ್ಲಿ ಮಂಗ್‌ಸವಿರಾತ್ ಅನ್ನಬೇಕು ಅಂತ ಪುಸ್ತಕದಲ್ಲಿತ್ತು. ಎರಡು ದಿನ ಬಾಯಿಪಾಠ ಮಾಡಿದ ಮೇಲೆ ನೋಡಿದರೆ ಅದು ಮಾಂಸವಿರತಿ! ಇಷ್ಟು ಶುದ್ಧವಾದ ಸಂಸ್ಕೃತದಲ್ಲಿ ಹೇಳಿದ ಮೇಲೂ ಅವರು ಮೀನಿನ ಸಾಸನ್ನು ಎರಡು ಚಮಚ ಹಾಕಿಯೇ ಕೊಡುತ್ತಿದ್ದರು ಅನ್ನುವುದು ಬೇರೆ ಮಾತು.

ಶಾಲೆಯ ಗೇಟಿನಲ್ಲಿ ಹೊಸ ಇಂಗ್ಲಿಷ್ ಟೀಚರನ್ನು ನೋಡಲು ಕೆಲವು ತಾಯಂದಿರು ನಿಂತಿದ್ದರು. ನನ್ನನ್ನು ನೋಡಿದರು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೋ ಅಂತ ನೋಡಿದರು. ಯಾರೂ ಇರಲಿಲ್ಲ. ಅವರು ಕಾಯುತ್ತಿದ್ದದ್ದು ಫರಂಗ್‌ಗೆ, ಅಂದರೆ ಬಿಳಿಯನಿಗೆ. ನಮ್ಮ ಪರಂಗಿಯೇ ಅದು. ನಾವು ಪರಂಗಿ ಹೆಸರನ್ನು ಪಪ್ಪಾಯಿಗೆ ಕೊಟ್ಟೆವು, ಅವರು ಸೀಬೆಹಣ್ಣಿಗೆ ಕೊಟ್ಟರು. ಹಣ್ಣು ಯಾವುದಾದರೇನು, ನಾನು ಅದಲ್ಲ. ನಮ್ಮಂಥವರಿಗೆ ಅವರ ಶಬ್ದ ಖ್ಯಾಕ್. ಹಾಗಂದರೇನು ಅಂತ ವಿಜ್ಞಾನದ ಮೇಡಮ್ಮನ್ನು ಕೇಳಿದೆ. ಆಕೆ ಸಂಕೋಚದಿಂದ ಹೇಳಿದರು: "ಅತಿಥಿ."

ಕಡಲು ದಾಟಿ ಬಂದರೂ ಅತಿಥಿ ಉಪನ್ಯಾಸಕನೇ ಆಗಿದ್ದೆ. ಸಂಬಳ ಮಾತ್ರ ತಿಂಗಳ ಕೊನೆಗೆ ಸರಿಯಾಗಿ ಬರುತ್ತಿತ್ತು.

ಐದನೆಯ ತರಗತಿ, ಮೂವತ್ತೆಂಟು ಮಕ್ಕಳು. ಹಾಜರಿ ಪುಸ್ತಕ ತೆರೆದರೆ ನಮ್ಮ ಅಜ್ಜಿಯ ಪುರಾಣದ ಮಂದಿಯೆಲ್ಲ ವೇಷ ಮರೆಸಿಕೊಂಡು ಕೂತಿದ್ದರು. ಸುಚಾದಾ ಅಂದರೆ ಸುಜಾತಾ, ರಾಚನೀ ಅಂದರೆ ರಜನಿ, ವೀರಚಾಯ್ ಅಂದರೆ ವೀರಜಯ. ಆದರೆ ಅವರನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಒಂದು ಅಡ್ಡಹೆಸರು, ಅದೂ ಬಹಳಷ್ಟು ಇಂಗ್ಲಿಷಿನದ್ದು. ನನ್ನ ಕ್ಲಾಸಿನಲ್ಲಿ ಇಬ್ಬರು ಬ್ಯಾಂಕು, ಒಬ್ಬ ಗಾಲ್ಫು, ಒಬ್ಬಳು ಐಸು, ಕೊನೆಯ ಬೆಂಚಿನಲ್ಲಿ ಒಬ್ಬ ಬೀರು. ಸಂಜೆ ಅಮ್ಮನಿಗೆ ಫೋನಿನಲ್ಲಿ "ಇವತ್ತು ಬೀರು ಬರಲಿಲ್ಲ, ಒಂದು ಬ್ಯಾಂಕಿಗೆ ಜ್ವರ" ಅಂದರೆ ಅವಳು, ಬೀರು ಬಾಡಿಗೆಗೆ ಸಿಗುವುದಿಲ್ಲವಾ, ಬಟ್ಟೆ ಎಲ್ಲಿಡುತ್ತೀಯ ಅಂತ ಕೇಳುತ್ತಿದ್ದಳು.

ನನ್ನ ಕಷ್ಟ ಶುರುವಾದದ್ದು ‘ಬಸ್’ ಅನ್ನುವ ಪದದಿಂದ. ಥಾಯಿ ನಾಲಿಗೆ ಪದದ ಕೊನೆಯಲ್ಲಿ ಕೆಲವೇ ವ್ಯಂಜನಗಳನ್ನು ಸಹಿಸುತ್ತದೆ. ಕೊನೆಯ ಸಕಾರ ತಕಾರವಾಗುತ್ತದೆ, ಲಕಾರ ನಕಾರವಾಗುತ್ತದೆ, ಕೆಲವು ಸಲ ಹೇಳದೆ ಕೇಳದೆ ಮಾಯವಾಗುತ್ತದೆ. ಬಸ್ ಅಂದರೆ ಬತ್. ರೈಸ್ ಅಂದರೆ ರಾಯ್. ಸ್ಕೂಲ್ ಅಂದರೆ ಸಕೂನ್. ಫುಟ್‌ಬಾಲ್ ಅಂದರೆ ಫುತ್‌ಬೋನ್. ಟೆಫಲ್‌ನಲ್ಲಿ ಹೇಳಿಕೊಟ್ಟಂತೆ ತುಟಿಯ ಮುಂದೆ ಕಾಗದ ಹಿಡಿದು ಊದಿಸಿದೆ. ಹಾವಿನ ಚಿತ್ರ ಬರೆದು ಸ್ ಸ್ ಅನ್ನಿಸಿದೆ. ಹಾವು ಚೆನ್ನಾಗಿ ಬಂತು, ಬಸ್ಸಿನ ಕೊನೆಗೆ ಅದನ್ನು ಜೋಡಿಸುವುದು ಮಾತ್ರ ಆಗಲಿಲ್ಲ. ಬತ್, ನಿಲ್ಲಿಸಿ, ಸ್ ಸ್ ಸ್. ಮೂವತ್ತೆಂಟು ಮಕ್ಕಳು ಹೀಗನ್ನುವಾಗ ಪಂಚರಾದ ಬಸ್ಸು ಕಣ್ಮುಂದೆ ಬರುತ್ತಿತ್ತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಸೆಕೆಗೆ ತಲೆ ಓಡದೆ ಎಚ್ಚರ ತಪ್ಪಿ "ಬಸ್ಸು" ಅಂದುಬಿಟ್ಟೆ. ಎಂ.ಎ.ಯ ಎರಡು ವರ್ಷ ನಾನು ಹಲ್ಲು ಕಚ್ಚಿ ನುಂಗಿಕೊಂಡಿದ್ದ ‘ಉ’ ಅದು. ನಾವು ಥಾಯಿಗಳಿಗೆ ನೇರ ಉಲ್ಟಾ. ಅವರು ಪದದ ಬಾಲ ಕತ್ತರಿಸುತ್ತಾರೆ, ನಮಗೆ ಬಾಲಕ್ಕೊಂದು ಕುಚ್ಚು ಕಟ್ಟದಿದ್ದರೆ ಸಮಾಧಾನವಿಲ್ಲ. ಕಾರು, ರೋಡು, ಲೈಟು, ಗೇಟು. ನಾಚಿಕೆಯಿಂದ ಸರಿಮಾಡಿಕೊಳ್ಳುವಷ್ಟರಲ್ಲಿ ಇಡೀ ಕ್ಲಾಸು ಕೂಗಿತು: "ಬಸ್ಸು!"

ಸಕಾರ ಬಂದಿತ್ತು! ಇಡಿಯಾಗಿ, ದ್ವಿತ್ವದೊಂದಿಗೆ. ನಾನು "ರೈಸು" ಅಂದೆ, "ರೈಸು" ಅಂದರು. "ಸ್ಕೂಲು." "ಸಕೂಲು!" ಆ ‘ಸ’ ಹೋದರೆ ಹೋಗಲಿ, ಲಕಾರ ನೋಡಿ! "ಫುಟ್‌ಬಾಲು." ಬೀರು ಬೆಂಚಿನ ಮೇಲೆ ಹತ್ತಿ "ಫುತ್‌ಬಾಲು" ಅಂತ ಕಿಟಕಿ ಗಾಜು ಅದುರುವಂತೆ ಕಿರುಚಿದ. ಎರಡು ಹಂತದ ಯೋಜನೆ ಹಾಕಿದೆ. ಮೊದಲು ‘ಉ’ ಸೇರಿಸಿ ಕೊನೆಯ ವ್ಯಂಜನವನ್ನು ಗಟ್ಟಿಮಾಡಿಸುವುದು. ಅದು ಕೂತ ಮೇಲೆ ಮೆಲ್ಲಗೆ ‘ಉ’ವನ್ನು ತೆಗೆಯುವುದು, ತಾರಸಿ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ತೆಗೆದ ಹಾಗೆ. ಮೊದಲ ಹಂತ ಆಗಸ್ಟಿನಲ್ಲಿ ಮುಗಿಯಿತು. ಎರಡನೆಯದಕ್ಕೆ ಸೆಪ್ಟೆಂಬರ್ ಇಟ್ಟುಕೊಂಡಿದ್ದೆ. ಸೆಪ್ಟೆಂಬರಿನಲ್ಲಿ ಪರೀಕ್ಷೆ.

ಅಷ್ಟರ ನಡುವೆ, ಜೂನಿನಲ್ಲೇ, ವಾಯ್ ಖ್ರೂ ಆಗಿತ್ತು. ಖ್ರೂ ಅಂದರೆ ಗುರು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಗುರುವಾರವೇ, ಮಕ್ಕಳು ಗುರುಗಳಿಗೆ ನಮಸ್ಕಾರ ಮಾಡುವ ದಿನ. ಗುರುವಾರಕ್ಕೆ ಅವರ ಹೆಸರಿನಲ್ಲೂ ಬೃಹಸ್ಪತಿಯೇ ಇದ್ದಾನೆ. ನಮ್ಮನ್ನೆಲ್ಲ ಸಾಲಾಗಿ ಕುರ್ಚಿಯಲ್ಲಿ ಕೂರಿಸಿದ್ದರು. ಐಸು ಮೊಣಕಾಲಿನಲ್ಲಿ ನಡೆಯುತ್ತ ಬಂದು, ಕಾಲಿರುವ ತಟ್ಟೆಯೊಂದನ್ನು ನನ್ನ ಮುಂದೆ ಎತ್ತಿ ಹಿಡಿದಳು. ಬಗ್ಗಿ ನೋಡಿದೆ. ಗರಿಕೆ. ಕೇಪಳದ ಹೂ. ನೇರಳೆ ಬಣ್ಣದ ಬದನೆ ಹೂ. ಗರಿಕೆ ಎಲ್ಲಿ ಬೇಕಾದರೂ ಹಬ್ಬುತ್ತದೆ, ಕಲಿಕೆಯೂ ಹಾಗೆ ಹಬ್ಬಲಿ ಅಂತ. ಕೇಪಳದ ಮೊಗ್ಗು ಸೂಜಿಯಂತೆ ಇರುವುದರಿಂದ ಬುದ್ಧಿ ಚೂಪಾಗಲಿ ಅಂತ. ಬದನೆ ಹೂ ಕಾಯಿ ಕಟ್ಟುವಾಗ ತಲೆ ಬಗ್ಗಿಸುತ್ತದೆ, ಅದು ವಿನಯಕ್ಕೆ. ನನ್ನ ಗಂಟಲು ಸ್ವಲ್ಪ ಕಟ್ಟಿತು. ತೀರ್ಥಹಳ್ಳಿಯ ಬೇಲಿಯನ್ನು ಯಾರೋ ಕಿತ್ತು ತಂದು ತಟ್ಟೆಯಲ್ಲಿಟ್ಟ ಹಾಗಿತ್ತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಉತ್ತರ ಬಂತು: "ಗರಿಕೆ ಎಳೇದು, ಚೆನ್ನಾಗಿದೆ. ಬದನೆ ಹೂ ಯಾಕೆ ಕಿತ್ರು? ಕಾಯಿ ಆಗ್ತಿತ್ತು."

ಅಕ್ಟೋಬರಿನಲ್ಲಿ ಮರಳಿದೆ. ಗೈಡು ನವೆಂಬರಿನಲ್ಲಿ ಸಿಕ್ಕರು, ಸಿಕ್ಕವರೇ ಜನವರಿಗೆ ಬಾ ಅಂದರು. ಕೂಡಿಸಿದ ದುಡ್ಡಿನಲ್ಲಿ ಒಂದು ಲ್ಯಾಪ್‌ಟಾಪು ಬಂತು, ಮಿಕ್ಕದ್ದು ಮನೆಯ ಹಂಚು ಬದಲಿಸುವುದಕ್ಕೆ ಹೋಯಿತು. ಈಗ ಕಂಬ ಹತ್ತಿದವರು ಕೇಳುವ ಪ್ರಶ್ನೆ "ವಾಪಸ್ ಯಾಕೆ ಬಂದ್ರಿ?" ಅಂತ ಬದಲಾಗಿತ್ತು.

ನನ್ನ ಜಾಗಕ್ಕೆ ಇಂಗ್ಲೆಂಡಿನಿಂದ ಒಬ್ಬ ಬಂದಿದ್ದ. ಅಪ್ಪಟ ನೇಟಿವ್, 35,000 ಬಾತಿನವನು. ಡಿಸೆಂಬರಿನಲ್ಲಿ ಅವನಿಂದ ಬಹಳ ಮರ್ಯಾದೆಯ ಇಮೇಲ್ ಬಂತು. ಮಕ್ಕಳು ಚುರುಕಾಗಿದ್ದಾರೆ, ಕೊನೆಯ ವ್ಯಂಜನಗಳನ್ನು ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿ ಹೇಳುತ್ತಾರೆ, ಆದರೆ ಪ್ರತಿ ಪದದ ತುದಿಗೆ ಒಂದು ಸಣ್ಣ ಸ್ವರ ಬರುತ್ತಿದೆ, ಎಷ್ಟು ತಿದ್ದಿದರೂ ಹೋಗುತ್ತಿಲ್ಲ, ತಾನು ಕೇಳಿರುವ ಯಾವ ಇಂಗ್ಲಿಷಿನಲ್ಲೂ ಇದಿಲ್ಲ, ಇದು ಎಲ್ಲಿಯ ಉಚ್ಚಾರಣೆ ಅಂತ ದಯವಿಟ್ಟು ತಿಳಿಸಬೇಕು ಅಂತ ಕೇಳಿದ್ದ.

ಅಪ್ಪ ಹೇಳಿದ ಹಾಗೇ ಬರೆದೆ. ನೇಟಿವ್ ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ.