ಭಾವಯ್ಯನ ವೆಬ್‌ಸೈಟು

ತನ್ನ ಗುಣವನ್ನು ತನ್ನ ಬಾಯಿಂದಲೇ ಹೇಳಿಕೊಳ್ಳಬಾರದೆಂಬ ಶಿಕ್ಷಣವನ್ನು ಎಳವೆಯಿಂದಲೂ ಪಡೆದು, ಮನೆಗೆ ಬಂದ ಅತಿಥಿಗೆ ಎಲೆ ತುಂಬ ಭಕ್ಷ್ಯಗಳನ್ನು ಬಡಿಸಿದ ಮೇಲೂ ‘ವಿಶೇಷವೇನೂ ಇಲ್ಲ, ಬರೀ ಅನ್ನ ಸಾರು’ ಎಂದು ಕೈಮುಗಿಯತಕ್ಕ ಜನರ ನಡುವೆ ಬೆಳೆದ ಮನುಷ್ಯನಿಗೆ, ತನ್ನ ವ್ಯಾಪಾರದ ಹಿರಿಮೆಯನ್ನು ಲೋಕವೆಲ್ಲ ಕಾಣುವಂತೆ ತಾನೇ ಬರೆದು ತೂಗುಹಾಕಬೇಕಾದ ಪ್ರಸಂಗ ಒದಗಿದರೆ ಆತನ ಅವಸ್ಥೆ ಏನಾದೀತೆಂಬುದನ್ನು, ಸಾಗರ ಸೀಮೆಯ ನನ್ನ ಭಾವನವರ ಮನೆಯ ಜಗಲಿಯಲ್ಲಿ ಕುಳಿತು ನಾನು ಪ್ರತ್ಯಕ್ಷವಾಗಿ ಕಂಡಿದ್ದೇನೆ.

ಭಾವನವರು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾರುತ್ತಾರೆ. ಅದನ್ನು ವ್ಯಾಪಾರವೆಂದರೆ ಅವರಿಗೆ ಸಂಕೋಚ. ಅಡಕೆ ತೋಟದ ಜೊತೆಗೆ ‘ಒಂದಿಷ್ಟು ಮಿಡಿ ಹಾಕ್ತೇವೆ’ ಎಂದಷ್ಟೇ ಅನ್ನುವರು. ಆ ‘ಒಂದಿಷ್ಟು’ ಹಿಂದಿನ ಕೋಣೆಯ ನೆಲದಿಂದ ಅಟ್ಟದವರೆಗೂ ಭರಣಿಗಳಾಗಿ ಬೆಳೆದು, ಬೆಂಗಳೂರಿನ ರಾತ್ರಿ ಬಸ್ಸುಗಳಲ್ಲಿ ಪ್ರಯಾಣಮಾಡಿ, ಮಲ್ಲೇಶ್ವರ ಜಯನಗರಗಳ ಅಡಿಗೆಮನೆಗಳನ್ನು ಸೇರುತ್ತ ಬಂದಿರುವುದು ಕೇವಲ ಬಾಯಿಮಾತಿನ ಬಲದಿಂದ. ಆದರೆ ಆ ಅಡಿಗೆಮನೆಗಳ ಯಜಮಾನಿಯರು ವೃದ್ಧರಾಗಿ, ಕಾರುಬಾರು ಮಕ್ಕಳ ಕೈಗೆ ಬಂದ ಮೇಲೆ, ‘ನಿಮ್ಮ ವೆಬ್‌ಸೈಟ್ ಯಾವುದು?’ ಎಂಬ ಪ್ರಶ್ನೆ ಫೋನಿನಲ್ಲಿ ಪದೇ ಪದೇ ಕೇಳಿಬರತೊಡಗಿತು. ಇಲ್ಲವೆಂದರೆ ಆ ಕಡೆ ಸಣ್ಣದೊಂದು ಮೌನ. ಆ ಮೌನದಲ್ಲಿ ಉಪ್ಪಿನಕಾಯಿಯ ಅಸ್ತಿತ್ವವೇ ಸಂಶಯಾಸ್ಪದವಾಗುತ್ತಿತ್ತು. ಕೊನೆಗೆ ನನ್ನ ಸೋದರಳಿಯನ ಸಹಪಾಠಿಯಾದ, ಬೆಂಗಳೂರಿನಲ್ಲಿ ಇದನ್ನೇ ಕಸುಬಾಗಿ ಮಾಡಿಕೊಂಡಿರುವ ತರುಣನೊಬ್ಬ ಹೆಗಲಿಗೆ ಲ್ಯಾಪ್‌ಟಾಪ್ ತಗುಲಿಸಿಕೊಂಡು ಬಂದಿಳಿದನು.

ಮೊದಲು ಹೆಸರಿನ ಪ್ರಶ್ನೆ. ಡಾಟ್ ಕಾಮ್ ಎಂದು ಕೊನೆಗೊಳ್ಳುವ ಹೆಸರುಗಳಲ್ಲಿ ಪ್ರಪ್ರಥಮವಾದುದನ್ನು ಸಿಂಬಾಲಿಕ್ಸ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿ 1985ರ ಮಾರ್ಚ್ 15ರಂದು ನೋಂದಾಯಿಸಿತು. ತದನಂತರ ಭೂಮಂಡಲದ ಉದ್ಯೋಗಶೀಲರೆಲ್ಲ ಒಬ್ಬರ ಹಿಂದೊಬ್ಬರು ಬಂದು ಒಳ್ಳೆಯ ಹೆಸರುಗಳನ್ನೆಲ್ಲ ಆರಿಸಿಕೊಂಡು ಹೋದುದರಿಂದ, ಭಾವನವರಿಗೆ ಹಿಡಿಸಿದ್ದೊಂದೂ ಅಲ್ಲಿ ಉಳಿದಿರಲಿಲ್ಲ. 2005ರಲ್ಲಿ ಸಾರ್ವಜನಿಕರಿಗೆ ಧಾರಾಳವಾಗಿ ತೆರೆದ ಡಾಟ್ ಇನ್ ವಿಭಾಗದಲ್ಲಿ ಅಂತೂ ಒಂದು ಜಾಗ ದೊರಕಿತು. ಆದರೆ ಹಣ ಕಟ್ಟುವ ಹೊತ್ತಿಗೆ, ಇದು ಕ್ರಯವಲ್ಲವೆಂದೂ, ವರ್ಷಕ್ಕಿಷ್ಟೆಂದು ತೆರುತ್ತಲೇ ಇರಬೇಕೆಂದೂ, ಒಮ್ಮೆಗೆ ಹತ್ತು ವರ್ಷಕ್ಕಿಂತ ಹೆಚ್ಚಿಗೆ ಕಟ್ಟಲಾಗದೆಂದೂ, ಮರೆತರೆ ಹೆಸರು ಅನ್ಯರ ಪಾಲಾಗಬಹುದೆಂದೂ ತಿಳಿದುಬಂದಿತು. ಭಾವನವರು ವಾಸಿಸುವುದು 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ ತಾಲ್ಲೂಕಿನಲ್ಲಿ. ‘ಅಂದ್ರೆ ಇದು ಗೇಣಿ!’ ಎಂದು ಅವರು ಕನ್ನಡಕವನ್ನು ತೆಗೆದರು. ‘ಉಳುವವನೇ ಒಡೆಯ ಅಂತ ಎಪ್ಪತ್ನಾಲ್ಕರಲ್ಲಿ ಕಾನೂನು ಬಂತಲ್ಲ ತಮ್ಮಾ, ಅದು ಇದಕ್ಕೆ ಬರೋದಿಲ್ವಾ? ಹತ್ತು ವರ್ಷ ದುಡಿದ ಮೇಲೆ ನಾನೊಂದು ಡಿಕ್ಲರೇಷನ್ ಕೊಡಬಹುದಾ?’ ಕಾನೂನು ಬಂದು ಎಷ್ಟೋ ಕಾಲದ ಮೇಲೆ ಹುಟ್ಟಿದ ತರುಣನು ವಿನಯದಿಂದ, ‘ಡಿಕ್ಲರೇಷನ್ ಅಂದ್ರೆ ಕಸ್ಟಮ್ಸ್‌ನವರದ್ದಾ ಅಂಕಲ್?’ ಎಂದು ಕೇಳಿದನು.

ಅವನು ತೋರಿಸಿದ ಮಾದರಿಯ ಪುಟದಲ್ಲಿ ಮನೋಹರವಾದ ಚಿತ್ರದ ಕೆಳಗೆ ‘ಲೋರೆಮ್ ಇಪ್ಸಮ್’ ಎಂದು ಮೊದಲಾಗುವ ಕೆಲವು ಸಾಲುಗಳಿದ್ದವು. ಕ್ರಿಸ್ತಪೂರ್ವ 45ರಲ್ಲಿ ರೋಮಿನ ಸಿಸೆರೊ ಮಹಾಶಯನು ಸುಖದುಃಖಗಳ ವಿಚಾರವಾಗಿ ರಚಿಸಿದ ತತ್ತ್ವಗ್ರಂಥದ ವಾಕ್ಯಗಳನ್ನು ಛಿದ್ರಗೊಳಿಸಿ, ಅರ್ಥವನ್ನೆಲ್ಲ ಹಿಂಡಿ ತೆಗೆದು, ನಿಜವಾದ ಬರಹ ಬರುವ ತನಕ ಸ್ಥಳವನ್ನು ತುಂಬಲೆಂದು ಬಳಸುವ ಪಾಠ ಅದು. ಇದನ್ನು ನಾನು ವಿವರಿಸಿದಾಗ ಭಾವನವರ ಮುಖ ಅರಳಿತು. ‘ಅದನ್ನೇ ಇಟ್ಟುಬಿಡಿ ಭಾವ. ಯಾರಿಗೂ ತಿಳಿಯೋದಿಲ್ಲ, ಆದ್ದರಿಂದ ಯಾರೂ ನಗೋದಿಲ್ಲ.’

ಭಾಷೆಯ ವಿಷಯದಲ್ಲಿ ಮಾತ್ರ ನಾನು ಹಠಹಿಡಿದೆ. ಟಿಮ್ ಬರ್ನರ್ಸ್-ಲೀ ತನ್ನ ಮೊದಲ ಜಾಲತಾಣವನ್ನು ಲೋಕಕ್ಕೆ ತೆರೆದ 1991ನೆಯ ವರ್ಷದಲ್ಲಿಯೇ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿ ನಮ್ಮ ಲಿಪಿಗೂ ಆಸನ ದೊರೆತಿರುವಾಗ, ಸಾಗರದ ಉಪ್ಪಿನಕಾಯಿ ಇಂಗ್ಲಿಷಿನಲ್ಲಿ ಮಾತ್ರ ಏಕೆ ಮಾತನಾಡಬೇಕೆಂದು ವಾದಿಸಿದೆ. ತರುಣನು ಒಪ್ಪಿದನು, ಅವನ ತಂತ್ರಾಂಶ ಒಪ್ಪಲಿಲ್ಲ. ಅವನು ಮೆಚ್ಚಿ ಆರಿಸಿದ ಫಾಂಟಿನಲ್ಲಿ ‘ಉಪ್ಪಿನಕಾಯಿ’ಯ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ನಿಂತು, ಪಕಾರವೆರಡೂ ಪಾಲಾದ ದಾಯಾದಿಗಳಂತೆ ಪರಸ್ಪರ ಬೆನ್ನು ತಿರುಗಿಸಿದವು. ಫಾಂಟನ್ನು ಬದಲಾಯಿಸಿದ ಮೇಲೆ ರಾಜಿಯಾಯಿತು.

ನಿಜವಾದ ಧರ್ಮಸಂಕಟ ಎದುರಾದದ್ದು ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ. ಗಿರಾಕಿಯು ಅಂಗಡಿಗೆ ಬಂದಾಗ ಮಾಲೀಕನ ಮುಖ, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟ, ನೆರೆಯವನ ಚಾಡಿ ಇವೆಲ್ಲ ಸೇರಿ ಆತನಾರೆಂಬುದನ್ನು ತಾವಾಗಿಯೇ ತಿಳಿಸಿಬಿಡುತ್ತವೆಯಾದ್ದರಿಂದ, ಯಾವ ಅಂಗಡಿಕಾರನೂ ಎದ್ದುನಿಂತು ತನ್ನ ಪ್ರಾಮಾಣಿಕತೆಯನ್ನು ಕುರಿತು ಉಪನ್ಯಾಸ ಮಾಡಬೇಕಾಗುವುದಿಲ್ಲ. ಮಾಡಿದನೆಂದರೆ ಗಿರಾಕಿಯು ತೂಕದ ಬಟ್ಟನ್ನು ಕೈಗೆತ್ತಿಕೊಂಡು ಪರೀಕ್ಷಿಸುವನು. ಜಾಲತಾಣಕ್ಕಾದರೋ ಮುಖವಿಲ್ಲ, ನೆರೆಹೊರೆಯಿಲ್ಲ. ಅಲ್ಲಿ ತನ್ನನ್ನು ತಾನು ಹೊಗಳಿಕೊಳ್ಳದವನಿಗೆ ಹೊಗಳಿಕೆಯೇ ಇಲ್ಲ.

‘ನಿಮ್ಮ ಸ್ಟೋರಿ ಹೇಳಿ ಅಂಕಲ್’ ಎಂದನು ತರುಣ.

‘ಸ್ಟೋರಿ ಎಂತದೂ ಇಲ್ಲ’ ಎಂದರು ಭಾವನವರು.

ಇಂಥ ಮೌನಿಗಳಿಗೆಂದೇ ಸಿದ್ಧಪಡಿಸಿಟ್ಟುಕೊಂಡಿದ್ದ ಔಷಧವನ್ನು ಹೊರತೆಗೆದು ಅವನು ‘ಅಜ್ಜಿಯ ಕೈರುಚಿ, ತಲೆಮಾರುಗಳ ಪರಂಪರೆ’ ಎಂದು ಟೈಪು ಮಾಡಿಯೇಬಿಟ್ಟನು. ಭಾವನವರು ಗಾಬರಿಯಾದರು. ‘ಅಯ್ಯೋ, ಅಜ್ಜಿ ಹಾಕಿದ್ದು ಮಳೆಗಾಲದೊಳಗೆ ಬೂಸಲು ಹಿಡೀತಿತ್ತು! ಊರಿಗೆಲ್ಲ ಗೊತ್ತು. ಹಾಕ್ತಿದ್ದದ್ದು ದೊಡ್ಡಮ್ಮ.’

‘ದೊಡ್ಡಮ್ಮ ಓಡೋದಿಲ್ಲ ಅಂಕಲ್. ಅಜ್ಜಿಯೇ ಬೇಕು.’

ಜಾಲತಾಣಗಳನ್ನು ನಂಬುವುದಾದರೆ ಕನ್ನಡನಾಡಿನ ಸಮಸ್ತ ಅಜ್ಜಿಯರೂ ಪಾಕಪ್ರವೀಣೆಯರು. ಅಡಿಗೆ ಬಾರದ ಅಜ್ಜಿಯರನ್ನು ನಾನು ಕಂಡಿದ್ದೇನೆ. ಅವರ ಮೊಮ್ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗಿರಬೇಕು.

ಚರ್ಚೆ ಇಲ್ಲಿಗೆ ಬಂದು ನಿಂತಿದ್ದಾಗ ಒಳಗಿನಿಂದ ನನ್ನ ತಂಗಿ ಸೆರಗಿಗೆ ಕೈಯೊರಸಿಕೊಳ್ಳುತ್ತ ಬಂದು, ‘ಅಣ್ಣಾ, ಈಗ ಹಾಕೋಳು ನಾನು. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ?’ ಎಂದಳು. ಕೇಳಿದೆವು. ಆತ್ಮಸ್ತುತಿಯ ಅಂಜಿಕೆ ಅವಳನ್ನು ಬಾಧಿಸಲೇ ಇಲ್ಲ. ಏಕೆಂದರೆ ಅವಳು ಹೊಗಳಿದ್ದು ಮಿಡಿಯನ್ನು. ಹೊಳೆಯಂಚಿನ ಮರದಿಂದ ಮಿಡಿಯನ್ನು ಬಡಿದು ಉದುರಿಸದೆ, ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕೆಂಬುದನ್ನೂ, ಪೆಟ್ಟು ತಿಂದ ಒಂದೇ ಮಿಡಿ ಭರಣಿಯನ್ನೆಲ್ಲ ಕೆಡಿಸುವುದನ್ನೂ, ಉಪ್ಪಿನಲ್ಲಿ ಕಾಯಿ ಮುರುಟಿ ಸುಕ್ಕುಗಟ್ಟಿದ ಮೇಲೆಯೇ ಸಾಸಿವೆ ಮೆಣಸುಗಳನ್ನು ಅರೆಯಬೇಕಾದುದನ್ನೂ, ಜೀರಿಗೆ ಮಿಡಿಯ ಪರಿಮಳವೇ ಬೇರೆ, ಅನಂತಭಟ್ಟನ ಅಪ್ಪೆಯ ಹುಳಿಯೇ ಬೇರೆ ಎಂಬುದನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳುತ್ತಿರಲು, ತರುಣನ ಬೆರಳುಗಳು ಹಿಂದೆಬಿದ್ದವು. ‘ಸ್ಟಾಕ್ ಎಷ್ಟು?’ ಎಂಬ ಚೌಕಕ್ಕೆ ಬಂದಾಗ ಮಾತ್ರ ತೊಡಕಾಯಿತು. ಮಾವು ಒಂದು ವರ್ಷ ತುಂಬಿ ಹಿಡಿದರೆ ಮರುವರ್ಷ ಮುನಿಯುವ ಮರ. ‘ಹೊಳೆಯಾಚೆ ಮರ ಹೂ ಬಿಟ್ರೆ ಇದೆ ಅಂತ ಬರಿ’ ಎಂದಳು ಅವಳು. ಆ ಚೌಕ ಅಂಕಿಯನ್ನಲ್ಲದೆ ಅನ್ಯವನ್ನು ಸ್ವೀಕರಿಸದು.

ಭಾವನವರು ಸ್ವಸಂತೋಷದಿಂದ ದಪ್ಪಕ್ಷರದಲ್ಲಿ ಹಾಕಿಸಿದ್ದೆಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯೊಂದೇ. ಅದು ಸರ್ಕಾರ ಹೇಳಿದ ಮಾತು, ತಾವು ಹೇಳಿಕೊಂಡದ್ದಲ್ಲ ಎಂಬುದು ಅವರ ಸಮಾಧಾನ. ಇನ್ನು, ಹಣ ಪಾವತಿಯ ಸೌಕರ್ಯ ಒದಗಿಸುವ ಕಂಪನಿಯವರು ಷರತ್ತುಗಳ ಪುಟ, ಖಾಸಗಿತನದ ಪುಟ, ಹಣ ಹಿಂತಿರುಗಿಸುವ ನಿಯಮದ ಪುಟ ಇವಿಲ್ಲದೆ ಅನುಮತಿ ಕೊಡುವುದಿಲ್ಲವೆಂದರು. ಕೊನೆಯದನ್ನು ತಂಗಿಯೇ ಹೇಳಿ ಬರೆಸಿದಳು: ಮಿಡಿ ಮೆತ್ತಗಾಗಿದ್ದರೆ ಹಣ ವಾಪಸು, ಖಾರ ಹೆಚ್ಚಾಯಿತೆಂದರೆ ಇಲ್ಲ.

ಜಾಲತಾಣ ತೆರೆದ ಸ್ವಲ್ಪ ದಿನಗಳಲ್ಲಿಯೇ ಬೆಂಗಳೂರಿನ ಮಹನೀಯರೊಬ್ಬರು ಪುಟಗಳನ್ನೆಲ್ಲ ಓದಿ, ಎರಡು ಕಿಲೋ ಜೀರಿಗೆ ಮಿಡಿಗೆ ಮುಂಗಡವಾಗಿ ಹಣವನ್ನೂ ಪಾವತಿಮಾಡಿ, ಆ ಮೇಲೆ ಫೋನು ಮಾಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಮೂಲಮನೆ ಯಾವುದು?’ ತರುಣನಿಗೆ ತಮ್ಮಲ್ಲಿ ಸ್ಟೋರಿಯೇ ಇಲ್ಲವೆಂದಿದ್ದ ಭಾವನವರು, ಮುತ್ತಜ್ಜ ಘಟ್ಟ ಹತ್ತಿ ಬಂದುದರಿಂದ ಮೊದಲುಗೊಂಡು, ಹೊಳೆಯಾಚೆಯ ಮರದ ವಿವಾದ, ಅಜ್ಜಿಯ ಬೂಸಲು, ದೊಡ್ಡಮ್ಮನ ಹಸ್ತಗುಣ ಇವೆಲ್ಲವನ್ನೂ ಜಗಲಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ ನಿರರ್ಗಳವಾಗಿ ನಿರೂಪಿಸಿದರು. ದೊಡ್ಡಮ್ಮನ ತವರಿನ ಹೆಸರು ಬಂದೊಡನೆ ಆ ಕಡೆಯಿಂದ ಉದ್ಗಾರ ಕೇಳಿಸಿತು. ಮಹನೀಯರ ತಾಯಿಯೂ ಅದೇ ಮನೆಯವರಂತೆ. ನೆಂಟರಿಂದ ಮಿಡಿಗೆ ದುಡ್ಡು ತೆಗೆದುಕೊಳ್ಳುವುದುಂಟೇ? ಹಣವನ್ನು ತಕ್ಷಣ ಹಿಂದಿರುಗಿಸತಕ್ಕದ್ದೆಂದು ತರುಣನಿಗೆ ಆಜ್ಞೆಯಾಯಿತು.

ಅವನು ಬೆಂಗಳೂರಿನಿಂದ ಕೇಳಿದನು: ‘ರಿಫಂಡಿಗೆ ಕಾರಣ ಕೇಳ್ತಿದೆ ಅಂಕಲ್. ಮಿಡಿ ಮೆತ್ತಗಿತ್ತು ಅಂತ ಹಾಕ್ಲಾ?’

‘ಛೆ, ಛೆ! ಮೆತ್ತಗೆ ಎಂತಕ್ಕೆ ಇರ್ತದೆ?’ ಎಂದು ಭಾವನವರು ಗದರಿದರು. ‘ನೆಂಟರು ಅಂತ ಬರಿ.’