ಮತ ಹಾಕಿದವರಿಗೇ ಮಸಿ

(2019ರ ಡಿಸೆಂಬರ್ 5, ಕರ್ನಾಟಕ ವಿಧಾನಸಭೆಯ ಉಪಚುನಾವಣೆಯ ದಿನ. 2018ರಲ್ಲಿ ಮೊದಲ ಸಲ ಮತ ಹಾಕಿದ್ದ ಯುವತಿಯೊಬ್ಬಳು ಮತಗಟ್ಟೆಯಿಂದ ಹೊರಬಂದವಳೇ ತನ್ನ ಬೆರಳಿನ ಶಾಯಿಯನ್ನು ಮಾತಿಗೆಳೆದಳು.)

ಮತದಾರೆ: ಇಷ್ಟು ಬೇಗ ಮತ್ತೆ ಬಂದ್ರಾ?

ಶಾಯಿ: ನಾನಾಗಿ ಬರಲಿಲ್ಲ ತಾಯಿ, ನಿಮ್ಮ ಶಾಸಕರು ಕರೆಸಿಕೊಂಡರು. ಮೈಸೂರಲ್ಲಿ ಸೀಸೆಯೊಳಗೆ ತಣ್ಣಗೆ ಕೂತಿದ್ದೆ.

ಮತದಾರೆ: ಮೈಸೂರೇ ನಿಮ್ಮೂರು?

ಶಾಯಿ: ಹೂಂ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಅರಗು-ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಇದೇ ಚಾಕರಿ. ಹೊರದೇಶಗಳಿಗೂ ಹೋಗಿಬರ್ತೀನಿ. ಮಹಾರಾಜರ ಕಾರ್ಖಾನೆ, ಪ್ರಜೆಗಳ ಬೆರಳು. ಹೇಗಿದೆ?

ಮತದಾರೆ: ಅಳಿಸಿದರೂ ಹೋಗಲ್ಲವಲ್ಲ, ಗುಟ್ಟೇನು?

ಶಾಯಿ: ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನಂಶದ ಜತೆ ಸೇರಿ, ಬಿಸಿಲು ತಾಗಿದರೆ ಕಪ್ಪಾಗ್ತೀನಿ. ಚರ್ಮದ ಮೇಲೆ ಬೇಗ ಮಾಸ್ತೀನಿ, ಉಗುರಲ್ಲಾದರೆ ಅದು ಬೆಳೆದು ಕತ್ತರಿಸೋ ತನಕ. ಕೊಟ್ಟ ಮಾತಿಗಿಂತ ಬಾಳಿಕೆ ಜಾಸ್ತಿ.

ಮತದಾರೆ: ಮೊದಲ ಸಲ ನಿಮ್ಮನ್ನ ಹಚ್ಚಿಸಿಕೊಂಡಾಗ ಬೆರಳೆತ್ತಿ ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೆ. ಅಜ್ಜಿಗೂ ತೋರಿಸಿದ್ದೆ. 14 ತಿಂಗಳಿಗೆ ನಾನು ಗೆಲ್ಲಿಸಿದವರು ಪಕ್ಷಕ್ಕೆ ಕೈಕೊಟ್ಟು ಮುಂಬೈ ಹೋಟೆಲ್ ಸೇರಿದರು.

ಶಾಯಿ: ಅವರೊಬ್ಬರೇ ಅಲ್ಲವಲ್ಲ. ಒಟ್ಟು 17 ಮಂದಿಯನ್ನ ಸ್ಪೀಕರ್ ಅನರ್ಹಗೊಳಿಸಿದರು. ಅನರ್ಹತೆ ಸರಿ ಎಂದಿತು ಸುಪ್ರೀಂ ಕೋರ್ಟ್. ಮತ್ತೆ ಸ್ಪರ್ಧಿಸಬಹುದು ಅಂತಲೂ ಹೇಳಿತು. ಅವರ 17 ಕ್ಷೇತ್ರಗಳ ಪೈಕಿ 15ರಲ್ಲಿ ಇವತ್ತು ನನಗೆ ಕೆಲಸ.

ಮತದಾರೆ: ಅದೇ ಮುಖ, ಬೇರೆ ಚಿಹ್ನೆ! ಪಕ್ಷ ಬದಲಿಸಿದವರ ಬೆರಳಿಗೂ ನಿಮ್ಮನ್ನ ಹಚ್ಚಬಾರದಾ?

ಶಾಯಿ: ಒಬ್ಬರೇ ಎರಡು ಮತ ಹಾಕದಂತೆ ನೋಡಿಕೊಳ್ಳೋದಷ್ಟೇ ನನ್ನ ಕೆಲಸ. ಒಂದೇ ಮತ ಎರಡು ಪಕ್ಷಕ್ಕೆ ಬಳಕೆಯಾದರೆ ಅದು ನನ್ನ ಇಲಾಖೆಗೆ ಬರಲ್ಲ.

ಮತದಾರೆ: ಸಿಟ್ಟಲ್ಲಿ ನೋಟಾ ಒತ್ತಿಬಿಡೋಣ ಅಂತಲೇ ಮನೆಯಿಂದ ಹೊರಟಿದ್ದೆ.

ಶಾಯಿ: 2013ರಿಂದ ಆ ಗುಂಡಿ ಇದೆ. ಆದರೆ ವಿಧಾನಸಭೆಗೆ ನಡೆಯೋ ಚುನಾವಣೆಯಲ್ಲಿ ಅದಕ್ಕೇ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಗೆಲ್ಲೋದು ಅದರ ನಂತರದವರೇ. ಒತ್ತಿದಿರಾ?

ಮತದಾರೆ: ಗುಪ್ತ ಮತದಾನ. ಹೇಳಲ್ಲ.

ಶಾಯಿ: ನಾನೂ ನೋಡಲಿಲ್ಲ ಬಿಡಿ. ಗುಂಡಿ ಒತ್ತಿದ್ದು ಬಲಗೈ, ನಾನಿದ್ದದ್ದು ಎಡಗೈಲಿ. ಆದರೆ ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಕಾಣೋ 7 ಸೆಕೆಂಡೂ ನೀವು ರೆಪ್ಪೆ ಬಡಿಯದೆ ನಿಂತಿದ್ರಿ. ಬೀಪ್ ಅಂದಮೇಲೂ ಹೊರಡಲಿಲ್ಲ. ಅಧಿಕಾರಿ ಕೆಮ್ಮಬೇಕಾಯಿತು. ಆಸೆ ಪೂರಾ ಬಿಟ್ಟವರು ಹಾಗೆ ನಿಲ್ಲಲ್ಲ.

ಮತದಾರೆ: ಇದನ್ನ ಬರೀಬೇಡಿ.

ಶಾಯಿ: ಸಂದರ್ಶನ ಮಾಡ್ತಿರೋದು ನೀವು ತಾಯಿ. ನಾನು ಬರೆಯೋದು ಒಂದೇ ಗೆರೆ.

(ಡಿಸೆಂಬರ್ 9ರಂದು ಫಲಿತಾಂಶ ಬಂತು. ಮತ್ತೆ ಕಣಕ್ಕಿಳಿದ ಅನರ್ಹರಲ್ಲಿ 11 ಮಂದಿ ಗೆದ್ದರು. ಅವರಲ್ಲಿ 10 ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು.)