ಡಾಕ್ ರಾಯರು

ಪ್ರತಿ ಬಡಾವಣೆಯಲ್ಲೂ ಒಬ್ಬ ಡಾಕ್ ರಾಯರು ಇದ್ದೇ ಇರುತ್ತಾರೆ. ನಿಜವಾದ ಹೆಸರು ಬೇರೆ. ಅದು ಗ್ಯಾಸ್ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿಲ್ಲ. ಬ್ಯಾಂಕಿನಿಂದಲೋ ಸರ್ಕಾರಿ ಕಾರ್ಖಾನೆಯಿಂದಲೋ ನಿವೃತ್ತರು. ಮಗ ಅಮೆರಿಕದಲ್ಲಿ. ಅವನು ಮೊದಲ ಸಲ ರಜೆಗೆ ಬಂದಾಗ ತಂದ ಬಾದಾಮಿ, ಚಾಕೊಲೇಟುಗಳೆಲ್ಲ ಆ ವಾರವೇ ಖರ್ಚಾದವು. ಉಳಿದದ್ದು ಒಂದು ಐಪಾಡ್, ಅದನ್ನು ಕೂರಿಸಿ ಹಾಡು ಕೇಳುವ ಒಂದು ಸ್ಪೀಕರ್ ಡಾಕ್. ಐಪಾಡ್ ಎಂದೋ ಕಣ್ಣು ಮುಚ್ಚಿತು. ಡಾಕ್ ಮಾತ್ರ ಷೋಕೇಸಿನಲ್ಲಿ ರಾಯರ ಧರ್ಮಪತ್ನಿ ಹೆಣೆದ ಕ್ರೋಷಾ ಹೊದಿಕೆ ಹೊದ್ದು ಕೂತಿದೆ.

“ಇದನ್ನ ಗುಜರಿಗೆ ಹಾಕಬಾರದೇ?” ಅಂತ ಯಾರಾದರೂ ಅಂದರೋ, ಕೆಟ್ಟರು. “ಸ್ಪೀಕರ್‌ಗೆ ಏನಾಗಿದೆ ಸ್ವಾಮಿ? ಹೇಳಿ! ಬದಲಾಗಿರೋದು ಫೋನಿನ ಬಾಯಿ. ಅದಕ್ಕೆ ಸ್ಪೀಕರ್ ಏನ್ ಮಾಡತ್ತೆ?” ಎಂದು ರಾಯರು ಇತಿಹಾಸದ ಪಾಠಕ್ಕೆ ನಿಲ್ಲುತ್ತಾರೆ. 2003ರಲ್ಲಿ ಆ್ಯಪಲ್‌ನವರು ಐಪಾಡಿಗೆ 30 ಪಿನ್ನಿನ ಅಗಲ ಬಾಯಿ ಇಟ್ಟರು. 2012ರಲ್ಲಿ ಐಫೋನ್ 5 ಬಂದಾಗ ಅದನ್ನು ತೆಗೆದು ಲೈಟ್ನಿಂಗ್ ಎಂಬ ಸಣ್ಣ ಬಾಯಿ ಇಟ್ಟರು. 2023ರಲ್ಲಿ ಐಫೋನ್ 15ಕ್ಕೆ ಯುಎಸ್‌ಬಿ-ಸಿ. ನಡುವೆ 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನಿನ ತೂತನ್ನೂ ಮುಚ್ಚಿದರು. “ಇಪ್ಪತ್ತು ವರ್ಷದಲ್ಲಿ ಮೂರು ಬಾಯಿ! ನಮ್ಮ ಮನೆ ಪ್ಲಗ್ಗು ನೋಡಿ, ನಮ್ಮಪ್ಪನ ಕಾಲದಿಂದ ಅದೇ ಮೂರು ತೂತು.” ಇದಕ್ಕೆ ಎದುರಾಡುವುದು ಕಷ್ಟ. ಏಕೆಂದರೆ ರಾಯರು ಹೇಳುವುದು ನಿಜ.

ತೊಂದರೆ ಇರುವುದು ಅವರ ಪರೋಪಕಾರದಲ್ಲಿ. ಕೇರಿಯಲ್ಲಿ ಇಂಥದೇ ಡಾಕ್ ಇರುವ ಮನೆಗಳೆಲ್ಲ ಅವರಿಗೆ ಗೊತ್ತು. ಯಾರ ಮನೆಗೆ ಹೊಸ ಫೋನ್ ಬಂತೆಂದು ತಿಳಿದರೂ ಸಂಜೆಗೆ ರಾಯರು ಬಾಗಿಲಲ್ಲಿ ಹಾಜರ್. ಕೈಯಲ್ಲಿ ಮೈಸೂರುಪಾಕಿನ ಡಬ್ಬ. ಮಕ್ಕಳು ಆಸೆಯಿಂದ ಓಡಿಬರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಬರೀ ವೈರು. ಮಕ್ಕಳು ಈಗ ಓಡಿಬರುವುದನ್ನು ಬಿಟ್ಟಿದ್ದಾರೆ.

ಡಬ್ಬದ ತಳದಿಂದ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಬ್ಲೂಟೂತ್ ಅಡಾಪ್ಟರ್ ಹೊರಬರುತ್ತದೆ. ಅದರ ಕೆಳಗೆ ಹಳೇ 30 ಪಿನ್ನಿನ ಗೂಡು. ಹಿಂದೆ ಐಪಾಡ್ ಕೂರುತ್ತಿದ್ದ ಜಾಗದಲ್ಲಿ ಈಗ ಅದನ್ನು ಕೂರಿಸಬೇಕು. ರಾಯರು ಪಂಚೆಯ ತುದಿಯಿಂದ ಡಾಕ್‌ನ ಬಾಯಿ ಒರೆಸುತ್ತಾರೆ, ಉಫ್ ಎಂದು ಊದುತ್ತಾರೆ, ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುತ್ತಾರೆ. ‘ಕಟಕ್’ ಅನ್ನಬೇಕು. ಅಂದಿತು. ಆದರೆ ದೀಪ ಹತ್ತಲಿಲ್ಲ.

ಮನೆಯವರು ಪೆಚ್ಚಾಗುವ ಈ ಗಳಿಗೆಯೇ ರಾಯರಿಗೆ ಸುಗ್ಗಿ. “ನಿಮ್ಮ ಡಾಕ್ ತೀರಾ ಹಳೇದಮ್ಮ. ಇದು ಫೈರ್‌ವೈರ್ ಪಿನ್ನಲ್ಲಿ 12 ವೋಲ್ಟ್ ಕೊಡತ್ತೆ. ಅಡಾಪ್ಟರ್ ಕೇಳೋದು 5 ವೋಲ್ಟು. 2008ರಲ್ಲಿ ಐಫೋನ್ 3ಜಿ ಬಂದಾಗಲೇ ಈ 12ರ ಲೆಕ್ಕ ಮುಗೀತು” ಎನ್ನುತ್ತಾ ಡಾಕನ್ನು ತಿರುಗಿಸಿ, ಹಿಂಬದಿಯಲ್ಲಿ ಹೊರಗಿನ ಹಾಡನ್ನು ಒಳಬಿಡುವ ಆಕ್ಸ್ ತೂತನ್ನು ಹುಡುಕುತ್ತಾರೆ. ಸಿಕ್ಕಿತೆಂದರೆ ಡಬ್ಬದಿಂದ ಎರಡನೇ ಬ್ಲೂಟೂತ್ ರಿಸೀವರ್ ಬರುತ್ತದೆ: ಒಂದು ತುದಿ ಆಕ್ಸ್‌ಗೆ, ಇನ್ನೊಂದು ತುದಿ ಮೊಬೈಲ್ ಚಾರ್ಜರ್‌ಗೆ. ಕೆಂಪು, ನೀಲಿ, ಕೆಂಪು, ನೀಲಿ. ದೀಪ ಮಿಟುಕಿತು.

ಫೋನಿನ ಬ್ಲೂಟೂತ್ ಪಟ್ಟಿ ತೆರೆದರೆ ಅಲ್ಲಿ ಇಡೀ ಕೇರಿಯೇ ಇರುತ್ತದೆ: ಪಕ್ಕದ ಮನೆ ಟಿವಿ, ಎದುರು ಮನೆಯವರ ಕಾರು, ಮಹಡಿ ಮೇಲಿನ ಹುಡುಗನ ಇಯರ್‌ಬಡ್ಸ್. ಎಲ್ಲಕ್ಕಿಂತ ಕೆಳಗೆ, ಯಾರಿಗೂ ಅರ್ಥವಾಗದ ನಾಲ್ಕು ಅಕ್ಷರ, ಮೂರು ಅಂಕಿಯ ಒಂದು ಹೆಸರು. ಅದೇ ನಮ್ಮದು. ಒತ್ತಿದರೆ ಪಿನ್ ಕೇಳುತ್ತದೆ. ರಾಯರು ಆಚೀಚೆ ನೋಡಿ, ದನಿ ತಗ್ಗಿಸಿ, “ನಾಲ್ಕು ಸೊನ್ನೆ. ಯಾರಿಗೂ ಹೇಳ್ಬೇಡಿ” ಎನ್ನುತ್ತಾರೆ. ಹಳೇ ಬ್ಲೂಟೂತ್ ಸಾಮಾನುಗಳಲ್ಲಿ ಬಹುಪಾಲಿನ ಪಿನ್ ಅದೇ ಎಂಬುದು ಜಗತ್ತಿಗೇ ಗೊತ್ತು.

ಸುಬ್ಬುಲಕ್ಷ್ಮಿಯವರ ಸುಪ್ರಭಾತ ಶುರುವಾಗುತ್ತದೆ. ಸಂಜೆ ಆರಕ್ಕೆ ಸುಪ್ರಭಾತವೇ ಅಂತ ಕೇಳಬೇಡಿ. ಟೆಸ್ಟಿಂಗಿಗೆ ರಾಯರು ಇನ್ನೇನನ್ನೂ ಒಪ್ಪುವುದಿಲ್ಲ. ಎಲ್ಲರೂ ತಲೆದೂಗುತ್ತಾರೆ. ಆದರೆ ಮನೆಯಾಕೆ ಫೋನ್ ಹಿಡಿದುಕೊಂಡೇ ಗೇಟಿನಾಚೆ ತರಕಾರಿ ಗಾಡಿಗೆ ಹೋದರೆಂದರೆ ಹಾಡು ತೊದಲತೊಡಗುತ್ತದೆ: ಈ ನಂಟು ಹತ್ತು ಮೀಟರಿನಾಚೆ ನಿಲ್ಲುವುದು ಕಷ್ಟ, ನಡುವೆ ಗೋಡೆ ಬಂದರೆ ಇನ್ನೂ ಕಷ್ಟ. ಕೊತ್ತಂಬರಿ ಚೌಕಾಸಿ ಮುಗಿಯುವುದರೊಳಗೆ ನಂಟು ಕಡಿದು, ಮೊದಲು ಟ್ರಯಲ್ ನೋಡಲು ಜೋಡಿಸಿದ್ದ ಆ ಮನೆಯ ಮೊಮ್ಮಗನ ಫೋನನ್ನು ರಿಸೀವರ್ ತಬ್ಬಿಕೊಂಡಿರುತ್ತದೆ. ಅವನು ಒಳಕೋಣೆಯಲ್ಲಿ ಗೇಮ್ ಆಡುತ್ತಿದ್ದಾನೆ. ದೇವರ ಮನೆ ಪಕ್ಕದಲ್ಲಿ ಮೆಷಿನ್ ಗನ್ ಮೊಳಗುತ್ತದೆ. “ತಾತಾ, ನನ್ನ ಸೌಂಡ್ ಎಲ್ಲೋಯ್ತು?” ಎಂದು ಅವನು, “ರೀ, ಏನ್ರೀ ಇದು!” ಎಂದು ಅವನಜ್ಜಿ.

“ಆ ಫೋನಿನ ಬ್ಲೂಟೂತ್ ಆಫ್ ಮಾಡೋ!” ಎಂದು ರಾಯರು ಕೂಗುತ್ತಾರೆ. ಅಲ್ಲಿಗೆ ಶಾಂತಿ. ಆಮೇಲೆ ಉಪದೇಶ: ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಹೆಚ್ಚುಕಮ್ಮಿ ಮಾಡುವುದೇನಿದ್ದರೂ ಡಾಕ್‌ನಲ್ಲಿ ಮಾಡಿ, ರಿಮೋಟಿನಲ್ಲಿ ಹಾಡು ಮುಂದಕ್ಕೆ ಹೋಗುವುದಿಲ್ಲ, ಆಸೆ ಬಿಡಿ, ಸಿನಿಮಾ ನೋಡಿದರೆ ತುಟಿ ಮೊದಲು, ಮಾತು ಆಮೇಲೆ, ಬೈಬೇಡಿ. ಇಷ್ಟು ಹೊತ್ತಿಗೆ ಎರಡು ಲೋಟ ಕಾಫಿ ಮುಗಿದಿರುತ್ತದೆ. ಅಡಾಪ್ಟರಿನ ದುಡ್ಡು ಕೊಡಲು ಹೋದರೆ ಮುಟ್ಟುವುದಿಲ್ಲ. ಎಸ್.ಪಿ. ರಸ್ತೆಗೆ ಓಡಾಡಿದ ಆಟೋ ಖರ್ಚು ಅದರ ಬೆಲೆಯನ್ನು ಎಂದೋ ಮೀರಿದೆ ಎಂಬುದು ಅವರ ಹೆಂಡತಿಯ ಲೆಕ್ಕ.

ನಗಬಹುದು. ಆದರೆ ಹದಿನೈದು ವರ್ಷ ಕಳೆದರೂ ಒಂದು ಸ್ಪೀಕರಿನ ಕೋನಾಗಲಿ ಪೆಟ್ಟಿಗೆಯಾಗಲಿ ಕೆಡದೆ, ಬಾಯಿ ಹೊಂದುವುದಿಲ್ಲವೆಂಬ ಒಂದೇ ತಪ್ಪಿಗೆ ಅದು ಗುಜರಿಗೆ ಹೋಗುವುದು ಅನ್ಯಾಯ. ಆ ಅನ್ಯಾಯದ ವಿರುದ್ಧ ಮೈಸೂರುಪಾಕಿನ ಡಬ್ಬ ಹಿಡಿದು ಹೋರಾಡುತ್ತಿರುವವರು ರಾಯರೊಬ್ಬರೇ. ನಿಮ್ಮ ಅಟ್ಟದ ಮೇಲೂ ಅಂಥದೊಂದು ಡಾಕ್ ಇದ್ದರೆ ಇಳಿಸಿ, ಹಿಂಬದಿಯಲ್ಲಿ ಆಕ್ಸ್ ತೂತಿದೆಯೇ ನೋಡಿ. ಇದ್ದರೆ ಸಣ್ಣದೊಂದು ರಿಸೀವರ್ ಸಾಕು, ನೀವೇ ಹಾಕಿಕೊಳ್ಳಬಹುದು. ರಾಯರನ್ನೇ ಕರೆಯುವುದಾದರೆ ಅಂದು ಸಂಜೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಹಾಲು ಅರ್ಧ ಲೀಟರ್ ಜಾಸ್ತಿ ತರಿಸಿ.